ಟಾಕಿ ತುಂಬಿದ್ದರೂ ನಳಕ್ಕೆ ನೀರು ಬಾರದಿದ್ದಾಗ

ವಿಜಯಪುರದಲ್ಲಿ ಮಾಳಿಗೆಯ ಮೇಲೆ ಕರಿಯ ಪ್ಲಾಸ್ಟಿಕ್ ಟಾಕಿ ಇಲ್ಲದ ಮನೆ ಸಿಗುವುದು ಕಷ್ಟ. ನಮ್ಮ ಓಣಿಯಲ್ಲಿ ನಳದ ನೀರು ದಿನವೂ ಬರುವುದಿಲ್ಲವಾದ್ದರಿಂದ, ಬಂದ ದಿನ ಅದನ್ನು ನೆಲದೊಳಗಿನ ತೊಟ್ಟಿಯಲ್ಲಿ ಹಿಡಿದಿಟ್ಟು, ಸಾಲದಿದ್ದಾಗ ಬೋರಿನ ನೀರನ್ನು ಸೇರಿಸಿ, ಮೋಟರಿನಿಂದ ಮೇಲಕ್ಕೇರಿಸಿ, ಅಲ್ಲಿಂದ ತನ್ನ ಭಾರದಿಂದಲೇ ಇಳಿಯಲು ಬಿಡುವುದು ಎಲ್ಲರ ಮನೆಯ ಪದ್ಧತಿ. ನಮ್ಮ ಮನೆಯದೂ ಅದೇ ವ್ಯವಸ್ಥೆ. ಕೆಳಮನೆ ತಂದೆಯವರು ಕಟ್ಟಿಸಿದ್ದು. ಅದರ ಕೊಳವೆಗಳೆಲ್ಲ ಗೋಡೆಯೊಳಗೆ ಹುದುಗಿರುವ ಜಿಐ, ಎಂದರೆ ಸತು ಲೇಪಿಸಿದ ಕಬ್ಬಿಣದ, ಪೈಪುಗಳು. ಮೇಲಂತಸ್ತು ಬಹಳ ವರ್ಷಗಳ ನಂತರ ಸೇರಿದ್ದು. ಅದಕ್ಕೆ ಸಿಪಿವಿಸಿ, ಎಂದರೆ ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್ಕಿನ, ಪೈಪು. ಎರಡಕ್ಕೂ ನೀರು ಕೊಡುವುದು ಸಾವಿರ ಲೀಟರಿನ ಒಂದೇ ಟಾಕಿ.

ತಕರಾರುಗಳು ಒಂದೊಂದಾಗಿ ಬಂದು ಕೊನೆಗೆ ಒಟ್ಟಿಗೆ ಕೂಡಿಕೊಂಡವು. ಮೇಲಿನ ಬಚ್ಚಲಿನ ಶವರಿನಿಂದ ನೀರು ಹನಿಹನಿಯಾಗಿ ಬೀಳುತ್ತಿತ್ತು, ಟಾಕಿ ಅರ್ಧಕ್ಕಿಳಿದರೆ ಅದೂ ನಿಂತುಹೋಗುತ್ತಿತ್ತು. ಸೋಲಾರಿನ ಬಿಸಿನೀರು ಮುಂಜಾನೆ ಒಂದಿಷ್ಟು ಕೆಮ್ಮಿ, ಗಾಳಿ ಉಗುಳಿ, ಸುಮ್ಮನಾಗುತ್ತಿತ್ತು. ಕೆಳಗಿನ ಅಡುಗೆಮನೆಯ ನಳ, ಎಲ್ಲಕ್ಕಿಂತ ತಗ್ಗಿನಲ್ಲಿದ್ದರೂ, ಒಂದು ಬಿಂದಿಗೆ ತುಂಬಲು ಬೇಸರ ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ನೋಡಲು ಬಂದ ಪ್ಲಂಬರ್ ಮೇಲೊಮ್ಮೆ ಕೆಳಗೊಮ್ಮೆ ಕಣ್ಣಾಡಿಸಿ, "ಸರ್ರ, ಪ್ರೆಶರ್ ಪಂಪ್ ಹಾಕಿಸಿಬಿಡ್ರಿ, ಬ್ಯಾರೆ ದಾರಿ ಇಲ್ಲ" ಎಂದರು. ಪಂಪು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಮೂರು ಜಾಗಗಳಲ್ಲಿ ಮೂರು ಬಗೆಯಲ್ಲಿ ಕಾಣಿಸಿಕೊಂಡ ತೊಂದರೆಗೆ ಕಾರಣವೂ ಒಂದೇ, ಮದ್ದೂ ಒಂದೇ ಎನ್ನುವುದನ್ನು ಒಪ್ಪಲು ಮನಸ್ಸಾಗಲಿಲ್ಲ. ದಾರಿ ಕಟ್ಟಿದ ಕೊಳವೆಗೆ ಪಂಪು ಕೂಡಿಸಿದರೆ ಕಟ್ಟಿದ್ದು ಹಾಗೆಯೇ ಉಳಿಯುತ್ತದೆ, ಹಳೆಯ ಜಾಯಿಂಟುಗಳು ಮಾತ್ರ ಸೋರತೊಡಗುತ್ತವೆ.

ಮೊದಲು ಎತ್ತರದ ಲೆಕ್ಕ ಹಾಕಿದೆ. ಟಾಕಿ ದೊಡ್ಡದಾದಷ್ಟೂ ನೀರು ಜೋರಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ನಿಜವಲ್ಲ. ಒತ್ತಡವನ್ನು ನಿರ್ಧರಿಸುವುದು ಟಾಕಿಯಲ್ಲಿನ ನೀರಿನ ಮಟ್ಟಕ್ಕೂ ನಳದ ಬಾಯಿಗೂ ನಡುವಿನ ನೆಟ್ಟನೆಯ ಎತ್ತರ ಮಾತ್ರ. ಆ ಎತ್ತರ 10 ಮೀಟರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೊ ಒತ್ತಡ ಸಿಗುತ್ತದೆ. ನಮ್ಮ ಟಾಕಿ ಮಾಳಿಗೆಯ ಸ್ಲ್ಯಾಬಿನ ಮೇಲೆಯೇ ಕೂತಿತ್ತು. ಮೇಲಂತಸ್ತಿನ ನೆಲದಿಂದ ಸ್ಲ್ಯಾಬಿನ ಮೇಲ್ಮೈಗೆ ಹತ್ತೂವರೆ ಅಡಿ, ಶವರಿನ ಬಾಯಿ ಏಳು ಅಡಿಯ ಎತ್ತರದಲ್ಲಿ. ಎಂದರೆ ಟಾಕಿಯ ತಳಕ್ಕೂ ಶವರಿಗೂ ನಡುವೆ ಉಳಿದದ್ದು ಮೂರೂವರೆ ಅಡಿ. ಟಾಕಿ ಬರಿದಾಗುತ್ತ ಬಂದಾಗ ಅಲ್ಲಿ ಸಿಗುವ ಒತ್ತಡ 0.1 ಕಿಲೊ ಅಷ್ಟೇ. ಕೆಳಮನೆಗೆ ಇದಕ್ಕೆ ಇನ್ನೂ ಹತ್ತೂವರೆ ಅಡಿ ಕೂಡುತ್ತದೆ. ಆದ್ದರಿಂದ ಶವರಿನ ಬಡತನಕ್ಕೆ ಎತ್ತರದ ಕೊರತೆ ಒಂದು ಕಾರಣವಾಗಿರಬಹುದು, ಆದರೆ ಕೆಳಗಿನ ಅಡುಗೆಮನೆಗೆ ಆ ನೆಪ ಒಪ್ಪುವುದಿಲ್ಲ. ಅಲ್ಲಿ ಬೇರೇನೋ ಇರಲೇಬೇಕು ಎಂಬುದು ಈ ಲೆಕ್ಕದಿಂದಲೇ ಖಚಿತವಾಯಿತು.

ಮುಂದಿನ ಪರೀಕ್ಷೆಗೆ ನಾನು ಬಳಸಿದ್ದು ಗೌಂಡಿಗಳು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಲೆವೆಲ್ ಪೈಪು. ಗಾಂಧಿ ಚೌಕದ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಅದರ ಒಂದು ತುದಿಯನ್ನು ಶಂಕಿತ ನಳದ ಬಾಯಿಗೆ ಕ್ಲಿಪ್ ಹಾಕಿ ಬಿಗಿದು, ಇನ್ನೊಂದು ತುದಿಯನ್ನು ಗವಾಕ್ಷಿಯಿಂದ ಹೊರಗೆ ತೆಗೆದು ಮಾಳಿಗೆಯವರೆಗೆ ಒಯ್ದು, ಟಾಕಿಯ ಪಕ್ಕದಲ್ಲಿ ಕೋಲಿಗೆ ನೆಟ್ಟಗೆ ಕಟ್ಟಿ, ನಳ ತೆರೆಯಬೇಕು. ಕೊಳವೆಯಲ್ಲಿ ನೀರು ಏರುತ್ತದೆ. ದಾರಿ ಸರಿಯಿದ್ದರೆ ಅದು ಟಾಕಿಯೊಳಗಿನ ನೀರಿನ ಮಟ್ಟಕ್ಕೇ ಬಂದು ನಿಲ್ಲಬೇಕು. ದಾರಿ ಎಷ್ಟೇ ಕಿರಿದಾಗಿರಲಿ, ಪೂರ್ತಿ ಮುಚ್ಚಿಲ್ಲದಿದ್ದರೆ ನಿಧಾನವಾಗಿಯಾದರೂ ಆ ಮಟ್ಟ ಮುಟ್ಟುತ್ತದೆ, ಏಕೆಂದರೆ ನಿಂತ ನೀರಿಗೆ ಘರ್ಷಣೆಯಿಲ್ಲ. ಎಷ್ಟು ಕಾದರೂ ಅದು ಟಾಕಿಯ ಮಟ್ಟಕ್ಕಿಂತ ಕೆಳಗೆ ನಿಂತುಬಿಟ್ಟರೆ, ಒಂದೋ ನಡುವೆ ಎಲ್ಲೋ ವಾಲ್ವ್ ಪೂರ್ತಿ ಮುಚ್ಚಿದೆ, ಇಲ್ಲವೇ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಇದಾದ ಮೇಲೆ ಅದೇ ಸಾಲಿನ ಇನ್ನೊಂದು ನಳವನ್ನು ಬಿಟ್ಟು ಲೆವೆಲ್ ಪೈಪಿನ ನೀರು ಎಷ್ಟು ಕುಸಿಯುತ್ತದೆ ಎಂದು ನೋಡಬೇಕು. ಆ ಕುಸಿತವೇ ಹರಿಯುವಾಗ ಕೊಳವೆ ನುಂಗುವ ಒತ್ತಡ. ಇಷ್ಟು ಸರಳವಾದ ಈ ಪರೀಕ್ಷೆಯನ್ನು ಪ್ಲಂಬರುಗಳು ಏಕೆ ಮಾಡುವುದಿಲ್ಲವೋ ನನಗೆ ತಿಳಿಯದು.

ಮೇಲಿನ ಬಚ್ಚಲಿನಲ್ಲಿ ಲೆವೆಲ್ ಪೈಪಿನ ನೀರು ಟಾಕಿಯ ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೇ ನಿಂತಿತು. ಕೆಳಗಿನ ಅಡುಗೆಮನೆಯಲ್ಲಿ ಸರಿಯಾಗಿ ಟಾಕಿಯ ಮಟ್ಟಕ್ಕೇ ಬಂತು, ಆದರೆ ಪಕ್ಕದ ನಳ ಬಿಟ್ಟ ಕೂಡಲೇ ಕಣ್ಣೆದುರಿಗೇ ಧಡಧಡನೆ ಇಳಿದು ಮಾಳಿಗೆಯಿಂದ ಕೆಳಗೆ ಮರೆಯಾಯಿತು. ಎರಡೂ ರೋಗಗಳು ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ.

ಮೇಲಿನ ಸಾಲನ್ನು ಟಾಕಿಯಿಂದ ಹಿಡಿದು ಕೈಯಲ್ಲಿ ಸವರುತ್ತ ಹೋದೆ. ಟಾಕಿಯ ಬುಡದಿಂದ ಹೊರಟ ಪೈಪು ಸ್ಲ್ಯಾಬಿನ ಮೇಲೆ ಸ್ವಲ್ಪ ದೂರ ಹರಿದು, ಮೂರು ಅಡಿ ಎತ್ತರದ ಪ್ಯಾರಾಪೆಟ್ ಗೋಡೆಯನ್ನು ಹತ್ತಿ, ಅದರ ತಲೆಯ ಮೇಲೆ ಎರಡು ಎಲ್ಬೊ ತಿರುಗಿ, ಹೊರಗೋಡೆಯ ಮೇಲೆ ಕೆಳಗಿಳಿದಿತ್ತು. ಗೋಡೆಗೆ ತೂತು ಕೊರೆಯುವ ಶ್ರಮ ಉಳಿಸಲು ಮಾಡಿದ ಕೆಲಸ. ತೊಂದರೆಯ ಬೇರು ಅಲ್ಲಿತ್ತು. ಟಾಕಿಯ ನೀರು ತೀರಾ ಕೆಳಗಿಳಿದಾಗ ಬಾಯಿಯ ಬಳಿ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ; ನೀರು ಕಾದಾಗಲೂ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಬಿಡುಗಡೆಯಾಗುತ್ತದೆ, ಮತ್ತು ನಮ್ಮೂರಿನ ಬೇಸಿಗೆಯಲ್ಲಿ ಮಾಳಿಗೆಯ ಪೈಪಿನ ನೀರು ಕಾಯಲು ಒಲೆಯೇ ಬೇಕಿಲ್ಲ. ಹೀಗೆ ಬಂದ ಗಾಳಿಯೆಲ್ಲ ಕೊಳವೆಯ ಅತಿ ಎತ್ತರದ ತಿರುವಿನಲ್ಲಿ ಸೇರಿ, ಆಚೆ ಇಳಿಯುವ ಭಾಗವನ್ನು ಒಂದಿಷ್ಟು ಉದ್ದ ತುಂಬಿಕೊಳ್ಳುತ್ತದೆ. ನೀರಿನೆದುರು ಗಾಳಿಯ ಭಾರ ಲೆಕ್ಕಕ್ಕಿಲ್ಲದ ಕಾರಣ ಆ ಉದ್ದದಷ್ಟು ಎತ್ತರ ನಮ್ಮ ಒತ್ತಡದ ಲೆಕ್ಕದಿಂದ ಕಳೆದುಹೋಗುತ್ತದೆ. ಲೆವೆಲ್ ಪೈಪು ತೋರಿಸಿದ ಒಂದೂವರೆ ಅಡಿಯ ಅಂತರ ಅದೇ. ಟಾಕಿಯ ನೀರು ಪ್ಯಾರಾಪೆಟ್ಟಿನ ತಲೆಗಿಂತ ಕೆಳಗೆ ಇಳಿದ ಮೇಲಂತೂ, ಕೊಳವೆಯಲ್ಲಿ ನೀರು ಎಡೆಬಿಡದೆ ತುಂಬಿದ್ದರೆ ಮಾತ್ರ ಅದು ಆ ದಿಬ್ಬ ದಾಟೀತು. ನಡುವೆ ಗಾಳಿ ಇದ್ದರೆ ಹರಿವು ಪೂರ್ತಿ ನಿಲ್ಲುತ್ತದೆ. ಟಾಕಿ ಅರ್ಧವಾದ ಕೂಡಲೇ ಶವರ್ ಒಣಗುತ್ತಿದ್ದುದರ ಒಗಟು ಹೀಗೆ ಬಿಡಿಸಿಕೊಂಡಿತು.

ಸಿಕ್ಕ ಗಾಳಿಯನ್ನು ತಾತ್ಕಾಲಿಕವಾಗಿ ಹೊರಹಾಕುವುದು ಸುಲಭ. ಅಂಗಳದಲ್ಲಿ ಮೋಟರಿಗೆ ನೇರವಾಗಿ ಕೂಡಿದ ಒಂದು ನಳವಿದೆ. ಅದರಿಂದ ಬಚ್ಚಲಿನ ನಳಕ್ಕೆ ಹೋಸ್ ಪೈಪ್ ಜೋಡಿಸಿ, ಎರಡೂ ತುದಿ ಬಿಗಿ ಮಾಡಿ, ಬಚ್ಚಲಿನ ನಳ ತೆರೆದು, ಮೋಟರನ್ನು ಸ್ವಲ್ಪ ಹೊತ್ತು ಓಡಿಸಿದರೆ ನೀರು ಹಿಮ್ಮುಖವಾಗಿ ಏರಿ ಗಾಳಿಯನ್ನು ಟಾಕಿಯೊಳಕ್ಕೆ ತಳ್ಳುತ್ತದೆ. ಮಾಳಿಗೆಯ ಮೇಲೆ ನಿಂತವರಿಗೆ ಟಾಕಿಯಲ್ಲಿ ಗುಳುಗುಳು ಸದ್ದು ಕೇಳಿಸುತ್ತದೆ. ಸದ್ದು ನಿಂತ ಮೇಲೆ ಮೋಟರ್ ಆರಿಸಿ ಮೊದಲು ಬಚ್ಚಲಿನ ನಳವನ್ನು ಮುಚ್ಚಬೇಕು. ಈ ಕೆಲಸಕ್ಕೆ ಟಾಕಿಯ ಕೆಳಗಿನ ವಾಲ್ವ್ ತೆರೆದಿರುವುದು ಕಡ್ಡಾಯ, ಇಲ್ಲವಾದರೆ ಮೋಟರಿನ ಒತ್ತಡವೆಲ್ಲ ಜಾಯಿಂಟುಗಳ ಮೇಲೆ ಬೀಳುತ್ತದೆ. ಆದರೆ ದಿಬ್ಬ ಇರುವವರೆಗೆ ಗಾಳಿ ಮತ್ತೆ ಬಂದೇ ಬರುತ್ತದೆ.

ದಿಬ್ಬದ ತಲೆಗೆ ಮೂರು ಬಾಯಿಯ ಒಂದು ಟೀ ಜೋಡಣೆ ಹಾಕಿ ಮೇಲ್ಮುಖವಾಗಿ ತೆರೆದ ಗಾಳಿ ಕೊಳವೆ ಕೂಡಿಸಿದರೆ ಸಾಕೆಂದು ಕೆಲವರು ಸಲಹೆ ಕೊಟ್ಟರು. ದಿಬ್ಬವು ಟಾಕಿಯ ತಳಕ್ಕಿಂತ ಕೆಳಗಿದ್ದಿದ್ದರೆ ಅದು ಒಳ್ಳೆಯ ಸಲಹೆಯೇ. ನಮ್ಮಲ್ಲಿ ದಿಬ್ಬ ಅರ್ಧ ಟಾಕಿಯ ನೀರಿಗಿಂತ ಮೇಲಿತ್ತು. ಅಲ್ಲಿ ತೆರೆದ ಬಾಯಿ ಇಟ್ಟರೆ ನೀರಿನ ಮಟ್ಟ ಇಳಿದಾಗ ಅದೇ ದಾರಿಯಿಂದ ಗಾಳಿ ಒಳಗೆ ಬಂದು ಇನ್ನೂ ಬೇಗ ನೀರು ನಿಲ್ಲುತ್ತಿತ್ತು. ಆದ್ದರಿಂದ ದಿಬ್ಬವನ್ನೇ ತೆಗೆದೆ. ಪ್ಯಾರಾಪೆಟ್ಟಿನ ಬುಡದಲ್ಲಿ ತೂತು ಕೊರೆಸಿ, ಒಳಗೆ ದೊಡ್ಡ ಪಿವಿಸಿ ತುಂಡನ್ನು ತೋಳಿನಂತೆ ಕೂಡಿಸಿ, ಅದರೊಳಗಿಂದ ಹೊಸ ಪೈಪನ್ನು ಟಾಕಿಯಿಂದ ಹೊರಗೋಡೆಯವರೆಗೆ ಸ್ವಲ್ಪವೇ ಇಳಿಜಾರಾಗಿ ಹಾಯಿಸಿದೆ. ಟಾಕಿಯ ವಾಲ್ವ್ ದಾಟಿದ ಕೂಡಲೇ ಒಂದು ಟೀ ಹಾಕಿ, ಟಾಕಿಯ ಮುಚ್ಚಳಕ್ಕಿಂತ ಒಂದಡಿ ಎತ್ತರಕ್ಕೆ ಗಾಳಿ ಕೊಳವೆ ನಿಲ್ಲಿಸಿ, ಅದರ ಬಾಯಿಯನ್ನು ಕೆಳಮುಖವಾಗಿ ಬಾಗಿಸಿ ಸೊಳ್ಳೆ ಪರದೆಯ ತುಂಡು ಕಟ್ಟಿದೆ. ಇಲ್ಲಿ ಗಾಳಿ ಕೊಳವೆಯ ಬುಡ ಟಾಕಿಯ ತಳದ ಮಟ್ಟದಲ್ಲೇ ಇರುವುದರಿಂದ ಮೇಲೆ ಹೇಳಿದ ದೋಷ ಬರುವುದಿಲ್ಲ.

ಈ ಕೆಲಸದ ನಡುವೆ ನಮ್ಮೂರಿನ ಹಳೆಯ ಗಂಜ್‌ಗಳು ನೆನಪಾದವು. ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳ ಮೂಲಕ ಊರೊಳಗೆ ನೀರು ತಂದಾಗ, ದಾರಿಯಲ್ಲಿ ಅಲ್ಲಲ್ಲಿ ಈ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದ್ದರು. ಒತ್ತಡ ಮಿತಿಮೀರಿ ಕೊಳವೆ ಒಡೆಯದಂತೆ ನೋಡಿಕೊಳ್ಳುವುದು, ಹೂಳು ತಳದಲ್ಲಿ ನಿಲ್ಲುವಂತೆ ಮಾಡುವುದು ಅವುಗಳ ಕೆಲಸವಾಗಿತ್ತು. ಮೋಟರ್ ಇಲ್ಲದ ಕಾಲದಲ್ಲಿ ನೀರಿನ ಮಟ್ಟವೊಂದನ್ನೇ ನೆಚ್ಚಿ ಒಂದು ರಾಜಧಾನಿಗೆ ನೀರು ಕುಡಿಸಿದ ಊರಿನಲ್ಲಿ, ಗೋಡೆಗೊಂದು ತೂತು ಕೊರೆಯುವ ಸೋಮಾರಿತನಕ್ಕೆ ಪೈಪನ್ನು ದಿಬ್ಬ ಹತ್ತಿಸುವವರನ್ನು ಕಂಡರೆ ಸಿಟ್ಟು ಬರುವುದು ಸಹಜ.

ಸೋಲಾರಿನ ಸಾಲಿನಲ್ಲೂ ಗಾಳಿಯದೇ ಕಾಟ, ಆದರೆ ಕಾರಣ ಬೇರೆ. ಒತ್ತಡವಿಲ್ಲದ ಬಗೆಯ ಸೋಲಾರ್ ಟಾಕಿಯಲ್ಲಿ ಬಿಸಿನೀರು ಮೇಲ್ಭಾಗದಿಂದ ಹೊರಡುತ್ತದೆ, ತಣ್ಣೀರು ತಳದಿಂದ ಒಳಬರುತ್ತದೆ, ಅತಿ ಎತ್ತರದ ಜಾಗದಲ್ಲಿ ಆವಿ ಮತ್ತು ಗಾಳಿ ಹೋಗಲು ಒಂದು ತೆರೆದ ಕೊಳವೆ ಇರುತ್ತದೆ. ನಮ್ಮಲ್ಲಿ ಆ ಕೊಳವೆಯ ತುದಿಗೆ ಯಾರೋ ಎಂಡ್ ಕ್ಯಾಪ್ ಅಂಟಿಸಿದ್ದರು. ಏಕೆ ಅಂಟಿಸಿದ್ದರೆಂಬುದು ಅಳೆದಾಗ ತಿಳಿಯಿತು: ಕೊಳವೆಯ ಬಾಯಿ ತಣ್ಣೀರಿನ ಟಾಕಿಯ ತುಂಬಿದ ಮಟ್ಟಕ್ಕಿಂತ ಕೆಳಗಿತ್ತು, ಹಾಗಾಗಿ ಟಾಕಿ ತುಂಬಿದಾಗಲೆಲ್ಲ ಅಲ್ಲಿಂದ ನೀರು ಸುರಿಯುತ್ತಿತ್ತು, ಸುರಿಯುವುದನ್ನು ನಿಲ್ಲಿಸಲು ಬಾಯಿ ಮುಚ್ಚಿದ್ದರು. ಮುಚ್ಚಿದ್ದರಿಂದ ಗಾಳಿ ಬಿಸಿನೀರಿನ ಸಾಲಿಗೇ ಇಳಿಯಿತು. ಇದು ಬರೀ ಅನನುಕೂಲದ ಮಾತಲ್ಲ. ಬಿಸಿನೀರು ಹೊರಹೋಗುವ ವೇಗಕ್ಕೆ ತಣ್ಣೀರು ಒಳಬರದಿದ್ದರೆ ಟಾಕಿಯೊಳಗೆ ನಿರ್ವಾತ ಉಂಟಾಗಿ ತೆಳು ತಗಡಿನ ಒಳಡಬ್ಬಿ ಕುಗ್ಗಿಹೋಗಬಹುದು. ಕ್ಯಾಪನ್ನು ಕತ್ತರಿಸಿ, ತಣ್ಣೀರಿನ ಟಾಕಿಯ ಮುಚ್ಚಳಕ್ಕಿಂತ ಮೇಲೆ ಬರುವಷ್ಟು ಕೊಳವೆಯನ್ನು ಬೆಳೆಸಿ, ಗಾಳಿಗೆ ಅಲುಗದಂತೆ ಕಬ್ಬಿಣದ ಪಟ್ಟಿಯ ಆಸರೆ ಕೊಟ್ಟೆ. ಈ ಸಾಲಿಗೆ ಸಿಪಿವಿಸಿ ಅಥವಾ ಲೋಹದ ಪೈಪೇ ಬೇಕು. ಸಾಮಾನ್ಯ ಪಿವಿಸಿ 60 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಸೋಲಾರಿನ ನೀರು ಅದನ್ನು ಸುಲಭವಾಗಿ ದಾಟುತ್ತದೆ.

ಇಷ್ಟಾದ ಮೇಲೂ ಬಿಸಿನೀರು ಕೆಲವೊಮ್ಮೆ ತಣ್ಣಗೆ ಬರುತ್ತಿತ್ತು. ಅದಕ್ಕೆ ಕಾರಣ ಬಿಸಿನೀರು ತಣ್ಣೀರು ಬೆರೆಸುವ ಬಚ್ಚಲಿನ ಮಿಕ್ಸರ್ ನಳ. ಕೈಶವರಿನ ತುದಿಯ ಗುಂಡಿಯನ್ನು ಮಾತ್ರ ಮುಚ್ಚಿ, ಮಿಕ್ಸರಿನ ಎರಡೂ ಹಿಡಿಗಳನ್ನು ತೆರೆದೇ ಬಿಟ್ಟು ಹೋದರೆ, ಬಿಸಿ ಮತ್ತು ತಣ್ಣೀರಿನ ಸಾಲುಗಳು ಒಳಗೊಳಗೇ ಒಂದಾಗುತ್ತವೆ. ಒತ್ತಡ ಹೆಚ್ಚಿರುವ ತಣ್ಣೀರು ಬಿಸಿಯ ಸಾಲಿಗೆ ನುಗ್ಗಿ ಸೋಲಾರ್ ಟಾಕಿಯ ಕಡೆ ಹಿಮ್ಮೆಟ್ಟಿಸುತ್ತದೆ. ಮನೆಯವರಿಗೆ ಹಿಡಿ ಮುಚ್ಚುವ ರೂಢಿ ಮಾಡಿಸಿದ್ದರಿಂದ ಇದು ಮುಗಿಯಿತು. ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಬಹುದಿತ್ತು, ಆದರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಸ್ಪ್ರಿಂಗ್ ಇರುವ ಬಗೆ. ಆ ಸ್ಪ್ರಿಂಗನ್ನು ಒತ್ತಿ ತೆರೆಯುವುದಕ್ಕೇ ನಮ್ಮ ಮೂರೂವರೆ ಅಡಿಯ ಒತ್ತಡದಲ್ಲಿ ದೊಡ್ಡ ಪಾಲು ಖರ್ಚಾಗುತ್ತದೆ.

ಇನ್ನು ಕೆಳಗಿನ ಅಡುಗೆಮನೆ. ಅಲ್ಲಿಗೆ ಹೋಗುವ ಸಾಲಿನಲ್ಲಿ ಮೊದಲು ಸಿಕ್ಕಿದ್ದು ಹಿತ್ತಾಳೆಯ ಗೇಟ್ ವಾಲ್ವ್. ಚಕ್ರ ತಿರುಗಿಸಿದಾಗ ಅದು ತೆರೆದಂತೆಯೇ ತೋರುತ್ತಿತ್ತು, ಆದರೆ ಒಳಗಿನ ಗೇಟು ದಂಡದಿಂದ ಕಳಚಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಹಳೆಯ ಗೇಟ್ ವಾಲ್ವ್‌ಗಳಿಗೆ ಇದು ಸಾಮಾನ್ಯ ರೋಗ. ಅದನ್ನು ತೆಗೆದು ಪೂರ್ತಿ ಬಾಯಿ ತೆರೆಯುವ ಬಾಲ್ ವಾಲ್ವ್ ಹಾಕಿದಾಗ ಹರಿವು ಕೊಂಚ ಸುಧಾರಿಸಿತು, ಸಾಕಾಗಲಿಲ್ಲ.

ಹಳೆಯ ಜಿಐ ಪೈಪಿಗೆ ಪಾನಾ ಹಾಕಿ ತಿರುಗಿಸಲು ಹೋಗಬಾರದು. ನಾವು ತಿರುಗಿಸುವ ಜಾಗ ಬಿಡುವ ಬದಲು ಗೋಡೆಯೊಳಗೆ ತುಕ್ಕು ತಿಂದ ಚೂಡಿ (ಪೈಪಿನ ತುದಿಯ ತಿರುಪಿನ ಭಾಗ) ಮುರಿಯುತ್ತದೆ. ಗೋಡೆಯ ಹೊರಗಿದ್ದ ಒಂದು ಎಲ್ಬೊವನ್ನು ಹ್ಯಾಕ್‌ಸಾದಿಂದ ಎರಡೂ ಕಡೆ ಕತ್ತರಿಸಿ ತೆಗೆದು, ಬೆಂಚ್ ವೈಸಿನಲ್ಲಿ ಹಿಡಿದು ಉದ್ದಕ್ಕೆ ಸೀಳಿದೆ. ಅರ್ಧ ಇಂಚಿನ ಕೊಳವೆಯಲ್ಲಿ ಉಳಿದಿದ್ದ ದಾರಿ ಒಂದು ಪೆನ್ಸಿಲ್ ಕಷ್ಟಪಟ್ಟು ತೂರುವಷ್ಟು. ಸುತ್ತಲೂ ಪದರಪದರವಾಗಿ ಸುಣ್ಣ, ನಡುನಡುವೆ ತುಕ್ಕಿನ ಕೆಂಪು ಗೆರೆ; ತಿರುವಿನ ಒಳಮೈಯಲ್ಲಿ ಪದರ ಎಲ್ಲಕ್ಕಿಂತ ದಪ್ಪ, ಉಗುರಿನಿಂದ ಕೆರೆದರೆ ಬಿಳಿಪುಡಿ ಉದುರುತ್ತಿತ್ತು. ಇದು ಸವಳು, ಎಂದರೆ ಗಡಸು, ನೀರಿನ ಕೆಲಸ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ ಎಂಬುದನ್ನು ನೋಡಿದರೆ ಪ್ರಯೋಗಾಲಯದ ವರದಿ ಇಲ್ಲದೆಯೂ ಅದರ ಗುಣ ಗೊತ್ತಾಗುತ್ತದೆ.

ಕೊಳವೆಯೊಳಗೆ ಆ್ಯಸಿಡ್ ಸುರಿದು ಸುಣ್ಣ ಕರಗಿಸುವವರಿದ್ದಾರೆ. ಅದು ಸುಣ್ಣದ ಜೊತೆಗೆ ಸತುವಿನ ಲೇಪವನ್ನೂ ತಿನ್ನುತ್ತದೆ, ಆಮೇಲೆ ಉಳಿಯುವುದು ಬರಿಯ ಕಬ್ಬಿಣ. ಅಡುಗೆಯ ನೀರು ಹರಿಯುವ ದಾರಿಯಲ್ಲಿ ಅದನ್ನು ನಾನು ಒಪ್ಪಲಾರೆ. ಗೋಡೆ ಒಡೆಯದೆ ಹಳೆಯ ಸಾಲನ್ನು ಅಲ್ಲಿಯೇ ಸತ್ತಂತೆ ಬಿಟ್ಟು, ಹೊರಗೋಡೆಯ ಮೇಲೆ ಮುಕ್ಕಾಲು ಇಂಚಿನ ಹೊಸ ಸಿಪಿವಿಸಿ ಸಾಲನ್ನು ಇಳಿಸಿದೆ. ಅಷ್ಟೇ ನೀರು ಹರಿಯುವಾಗ ಅರ್ಧ ಇಂಚಿಗಿಂತ ಮುಕ್ಕಾಲು ಇಂಚಿನಲ್ಲಿ ಘರ್ಷಣೆಯ ನಷ್ಟ ಆರೇಳು ಪಟ್ಟು ಕಡಿಮೆ. ಪಂಪಿನ ಮನೆಗೆ ಇದು ಸಣ್ಣ ಮಾತಾಗಬಹುದು, ಎತ್ತರವನ್ನೇ ನಂಬಿದ ಮನೆಗೆ ಅಲ್ಲ. ತಿರುವುಗಳನ್ನು ಆದಷ್ಟು ಕಡಿಮೆ ಮಾಡಿ, ಅನಿವಾರ್ಯವಾದ ಕಡೆ ಎರಡು 45 ಡಿಗ್ರಿಯ ಬೆಂಡ್ ಜೋಡಿಸಿದೆ. ಬಿಸಿಲು ಬೀಳುವ ಭಾಗಕ್ಕೆ ನೀರಿನಲ್ಲಿ ಕಲಸುವ ಬಿಳಿ ಬಣ್ಣ ಬಳಿದೆ, ಏಕೆಂದರೆ ಬಿಸಿಲಿಗೆ ಸಿಪಿವಿಸಿ ಬಿರುಸಾಗುತ್ತ ಹೋಗುತ್ತದೆ. ಎಣ್ಣೆ ಬಣ್ಣದ ದ್ರಾವಕ ಪೈಪಿಗೆ ಹಾನಿ ಮಾಡುವುದರಿಂದ ಅದನ್ನು ಬಳಸಬಾರದು. ನಳಗಳ ಬಾಯಿಯ ಜಾಳಿಗೆಗಳನ್ನೂ ಶವರಿನ ತಟ್ಟೆಯನ್ನೂ ಬಿಚ್ಚಿ ಬಿಸಿನೀರಿನಲ್ಲಿ ಕರಗಿಸಿದ ಲಿಂಬೆ ಉಪ್ಪಿನಲ್ಲಿ (ಸಿಟ್ರಿಕ್ ಆ್ಯಸಿಡ್) ರಾತ್ರಿಯಿಡೀ ನೆನೆಸಿದರೆ ತೂತುಗಳು ತೆರೆಯುತ್ತವೆ. ಇದನ್ನು ನಮ್ಮ ಮನೆಯಲ್ಲಿ ಆಗಾಗ ಮಾಡುತ್ತಲೇ ಇರಬೇಕಾಗುತ್ತದೆ.

ಎತ್ತರದ ಕೊರತೆಯನ್ನು ಕೊನೆಗೆ ಕೈಗೆತ್ತಿಕೊಂಡೆ. ಟಾಕಿಯನ್ನು ಮೂರು ಅಡಿ ಎತ್ತಿದರೆ ಶವರಿನ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಕೆಳಮನೆಗೆ ಅದರಿಂದ ಅಷ್ಟೇನೂ ಲಾಭವಿಲ್ಲ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ; ಅದನ್ನು ಸ್ಲ್ಯಾಬಿನ ನಡುವೆ ಇಡುವಂತಿಲ್ಲ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಜಾಗದಲ್ಲೇ ಕಟ್ಟೆ ಏಳಬೇಕು. ನಮ್ಮೂರಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದ್ದು, ಆದ್ದರಿಂದ ಮೂಲೆಯ ಗೋಡೆಯಲ್ಲಿ ಬಿರುಕು ಇದೆಯೇ ಎಂದು ಗೌಂಡಿಗೆ ತೋರಿಸಿದ ಮೇಲೆಯೇ ಮುಂದುವರಿದೆ. ಪ್ಲಾಸ್ಟಿಕ್ ಟಾಕಿಯ ತಳ ಪೂರ್ತಿ ಸಮತಟ್ಟಾದ ನೆಲದ ಮೇಲೆ ಕೂರಬೇಕು. ಪಟ್ಟಿಗಳ ಕಬ್ಬಿಣದ ಸ್ಟ್ಯಾಂಡ್ ಮೇಲಿಟ್ಟರೆ ಸಂದುಗಳಲ್ಲಿ ತಳ ಜೋತು ಕ್ರಮೇಣ ಸೀಳುತ್ತದೆ. ಎರಡು ಇಟ್ಟಿಗೆ ಗೋಡೆಗಳ ಮೇಲೆ ಕಾಂಕ್ರೀಟಿನ ಹಾಸು ಹಾಕಿಸಿ ಟಾಕಿಯನ್ನು ಏರಿಸಿದೆವು. ಟಾಕಿ ಎತ್ತರವಾದಷ್ಟೂ ಅದರ ಮತ್ತು ಸೋಲಾರಿನ ಗಾಳಿ ಕೊಳವೆಗಳನ್ನೂ ಬೆಳೆಸಬೇಕು, ಅದನ್ನು ಮರೆತರೆ ಮತ್ತೆ ನೀರು ಸುರಿಯುತ್ತದೆ. ಶವರಿಗೆ ಸಣ್ಣ ತೂತುಗಳ ಚೆಂದದ ತಟ್ಟೆಯ ಬದಲು ದೊಡ್ಡ ತೂತುಗಳ ಸಾದಾ ಹಿತ್ತಾಳೆಯ ತಟ್ಟೆ ಹಾಕಿದೆ.

ಈಗ ಲೆವೆಲ್ ಪೈಪಿನ ನೀರು ಎಲ್ಲ ನಳಗಳಲ್ಲೂ ಟಾಕಿಯ ಮಟ್ಟಕ್ಕೆ ಬರುತ್ತದೆ. ಇಳಿಯುವ ಕೊಳವೆಗಳನ್ನು ಅಂತಸ್ತಿಗೊಂದರಂತೆ ಬೇರೆ ಮಾಡಿದ್ದರಿಂದ, ಕೆಳಗೆ ಪಾತ್ರೆ ತೊಳೆಯುವಾಗ ಮೇಲೆ ಸ್ನಾನ ಮಾಡುವವರ ಶವರ್ ಸೊರಗುವುದೂ ತಪ್ಪಿದೆ. ಮೇಲಂತಸ್ತಿನ ಬಟ್ಟೆ ಒಗೆಯುವ ಯಂತ್ರಕ್ಕೆ ಮಾತ್ರ ಈ ವ್ಯವಸ್ಥೆ ಸಾಲಲಿಲ್ಲ. ಅದರೊಳಗಿನ ವಿದ್ಯುತ್ ವಾಲ್ವ್ ತೆರೆಯಲು ಬೇಕಾದ ಕನಿಷ್ಠ ಒತ್ತಡವನ್ನು ಯಂತ್ರದ ಕೈಪಿಡಿಯಲ್ಲಿ ನೋಡಿದೆ. ಟಾಕಿ ತುಂಬಿದಾಗ ಅದು ಸಿಗುತ್ತದೆ, ಇಳಿದಾಗ ಸಿಗುವುದಿಲ್ಲ. ಆ ಒಂದು ಸಾಲಿಗಷ್ಟೇ ಸಣ್ಣ ಪ್ರೆಶರ್ ಪಂಪನ್ನು ಟಾಕಿಯ ಪಕ್ಕದಲ್ಲೇ, ಗಾಳಿ ಕೊಳವೆಗೆ ತಾಗದಂತೆ ಟಾಕಿಗೆ ಬೇರೆಯೇ ಬಾಯಿ ಕೊರೆದು ಕೂಡಿಸಿ, ಮೇಲೆ ತಗಡಿನ ನೆರಳು ಮಾಡಿಸಿದ್ದೇನೆ.